ಕಾಸಿದರೂ ಹೋಗದ ವಿಷ



ಹೋದ ಬ್ಯಾಸಿಗ್ಯಾಗ ನಮ್ಮಪ್ಪ ರಾಯಚೂರಿನಿಂದ ಒಂದು ಹಳೇ ನೀಲಿ ಡ್ರಮ್ಮು ತಂದ. ನೀರು ತುಂಬಿಡಾಕ. ಅವ್ವ ಸಬಕಾರ ಹಚ್ಚಿ ಮೂರು ಸಲ ತೊಳೆದರೂ ಒಳಗೆ ಪೇಂಟಿನಂಥ ವಾಸನೆ ಹೋಗಲಿಲ್ಲ. "ಕಾಸಿ ಕುಡಿದ್ರ ಏನೂ ಆಗಂಗಿಲ್ಲ" ಅಂದಳು. ಇದು ಖರೇನಾ ಅಂತ ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಕಾಸಿದರೆ ಏನು ಹೋಗುತ್ತದೆ?

2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಅನೇಕರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ತೀರಿಕೊಂಡರು. ವಾಂತಿ-ಭೇದಿ ತರುವ ರೋಗಾಣುಗಳು ನೀರನ್ನು ಚೆನ್ನಾಗಿ ಕುದಿಸಿದರೆ ಸಾಯುತ್ತವೆ. ಆದರೆ ರಾಸಾಯನಿಕಕ್ಕೆ ಜೀವ ಇಲ್ಲ, ಸಾಯುವುದು ಹೇಗೆ?

ದ್ರಾವಕ ಎಂದರೇನು?

ಉಪ್ಪು ನೀರಿನಲ್ಲಿ ಕರಗುತ್ತದೆ. ಗ್ರೀಸು, ಪೇಂಟು ಕರಗುವುದಿಲ್ಲ. ಅವನ್ನು ಕರಗಿಸಲು ಕಾರ್ಖಾನೆಗಳಲ್ಲಿ ಬೆಂಜೀನ್, ಕ್ಸೈಲೀನ್, ಟ್ರೈಕ್ಲೋರೊಎಥಿಲೀನ್ ಮುಂತಾದ ದ್ರಾವಕ ಬಳಸುತ್ತಾರೆ. ಮಾನ್ವಿ, ದೇವದುರ್ಗ ಕಡೆ ಹತ್ತಿಗೆ, ನೆಲ್ಲಿಗೆ ಹೊಡೆಯುವ ಕೆಲವು ಎಣ್ಣಿಗಳಲ್ಲೂ ಕ್ಸೈಲೀನ್‌ನಂಥ ದ್ರಾವಕ ಇರುತ್ತದೆ. ಡಬ್ಬಿಯ ಮೇಲೆ 'ಇ.ಸಿ.' ಎಂದಿದ್ದರೆ ಕೀಟನಾಶಕವನ್ನು ದ್ರಾವಕದಲ್ಲಿ ಕರಗಿಸಿದ್ದಾರೆ ಎಂದರ್ಥ. ಅದಕ್ಕೇ ಅದು ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ.

ಒಂದು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಬೆಂಜೀನ್ 10 ಮೈಕ್ರೊಗ್ರಾಂ ಮೀರಬಾರದು. 10 ಲಕ್ಷ ಮೈಕ್ರೊಗ್ರಾಂ ಸೇರಿದರೆ ಒಂದು ಗ್ರಾಂ. ಅಂದರೆ ಒಂದೇ ಗ್ರಾಂ ಬೆಂಜೀನ್ 1 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ! ಇಷ್ಟು ಕಡಿಮೆ ಇದ್ದಾಗ ಮೂಗಿಗೆ ವಾಸನೆಯೂ ಹತ್ತುವುದಿಲ್ಲ.

ಅಮೆರಿಕದ ಪಾಠ

ಅಮೆರಿಕದ ಕ್ಯಾಂಪ್ ಲೆಜೂನ್ ಎಂಬ ಸೈನಿಕ ನೆಲೆಯಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿನಲ್ಲಿ ದ್ರಾವಕಗಳು ಸೇರಿದ್ದವು. ಸೈನಿಕರು, ಅವರ ಹೆಂಡತಿ-ಮಕ್ಕಳು ಗೊತ್ತಿಲ್ಲದೆ ಕುಡಿದರು. ಪಕ್ಕದ ಬಟ್ಟೆ ಡ್ರೈಕ್ಲೀನ್ ಅಂಗಡಿಯ ದ್ರಾವಕವೂ ನೆಲಕ್ಕಿಳಿದು ಬಾವಿ ಸೇರಿತ್ತು. ಟ್ರೈಕ್ಲೋರೊಎಥಿಲೀನ್ ಮೂತ್ರಪಿಂಡದ ಕ್ಯಾನ್ಸರ್ ತರುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ. ವಾಂತಿ-ಭೇದಿ ಎರಡು ದಿನಕ್ಕೆ ಗೊತ್ತಾಗುತ್ತದೆ, ಇದು ಗೊತ್ತಾಗಲು ವರ್ಷಗಳೇ ಬೇಕು.

ಹಾಗಾದರೆ ಕಾಸಿದರೆ?

ದ್ರಾವಕ ಸ್ವಲ್ಪ ಆವಿಯಾಗುತ್ತದೆ, ನಿಜ. ಆದರೆ ಆ ಆವಿ ಒಲೆ ಮುಂದೆ ಕುಂತ ಅವ್ವನ ಉಸಿರಿಗೇ ಹೋಗುತ್ತದೆ. ಪ್ಲಾಸ್ಟಿಕ್ ಡ್ರಮ್ಮು ದ್ರಾವಕವನ್ನು ಹೀರಿಕೊಂಡು ಮತ್ತೆ ನಿಧಾನವಾಗಿ ನೀರಿಗೆ ಬಿಡುತ್ತದೆ. ಆದ್ದರಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ನಾವು ಮಾಡಬೇಕಾದದ್ದು

1. ರಾಸಾಯನಿಕ ತುಂಬಿದ್ದ ಡ್ರಮ್ಮು, ಎಣ್ಣಿ ಡಬ್ಬಿಗಳಲ್ಲಿ ನೀರು ತುಂಬಬಾರದು. ದನಕ್ಕೂ ಇಡಬಾರದು.
2. ಸ್ಪ್ರೇ ಪಂಪನ್ನು ಕಾಲುವೆ, ಕೆರೆ, ಬೋರಿನ ಹತ್ತಿರ ತೊಳೆಯಬಾರದು. ಕಾಲುವೆ ನೀರೇ ಎಷ್ಟೋ ಊರುಗಳ ಕುಡಿಯುವ ಕೆರೆ ತುಂಬುತ್ತದೆ.
3. ನೀರಿಗೆ ಥಿನ್ನರ್, ಪೆಟ್ರೋಲ್ ವಾಸನೆ ಬಂದರೆ ಕುಡಿಯುವುದು ನಿಲ್ಲಿಸಿ ಪಂಚಾಯ್ತಿಗೆ ಹೇಳಬೇಕು. ಇದಕ್ಕೆ ಸಣ್ಣ ಕಿಟ್ ಸಾಲದು, ದೊಡ್ಡ ಪ್ರಯೋಗಾಲಯದ ಪರೀಕ್ಷೆ ಬೇಕು.
4. ರೋಗಾಣುಗಳಿಗಾಗಿ ನೀರು ಕಾಸುವುದನ್ನು ಬಿಡಬಾರದು.

ಇದನ್ನು ಓದಿ ಹೇಳಿದ ಮ್ಯಾಲೆ ಅಪ್ಪ ಡ್ರಮ್ಮಿನ ತಳಕ್ಕೆ ತೂತು ಹೊಡೆದ, ಮತ್ತ್ಯಾರೂ ನೀರು ತುಂಬಬಾರದು ಅಂತ. ಅವ್ವ ಈಗ ಮೊದಲಿನಂಗ ಕೊಡದಾಗ ತುಂಬ್ತಾಳ.

ನಿಮ್ಮ ಮನಿ ಡ್ರಮ್ಮಿನಾಗ ಮೊದಲು ಏನಿತ್ತು? ಇವತ್ತೇ ಹೋಗಿ ಕೇಳ್ರಿ.