ನಾಯಿಯ ಭಾವಚಿತ್ರ ತೆಗೆಯುವ ಬಗೆ



ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ನಾಯಿಯ ಭಾವಚಿತ್ರ. ‘ನಾಯಿಗೆ ಎಂಥಾ ಫೋಟೋ?’ ಅಂತ ಕೆಲವರು ನಗಬಹುದು. ಆದರೆ ನಮ್ಮ ಕನ್ನಡ ನಾಡಿನಲ್ಲಿ ಸಾವಿರ ವರ್ಷದ ಹಿಂದೆಯೇ ಒಂದು ನಾಯಿಯನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಅದೇ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಅದರ ಕಾಲ ಕ್ರಿ.ಶ. 949-50. ಗಂಗರ ಬೂತುಗನ ಸೇವಕ ಮಣಲೆರ ಯುದ್ಧದಲ್ಲಿ ಶೌರ್ಯ ತೋರಿಸಿದ. ರಾಜ ಮೆಚ್ಚಿ ಏನು ಬೇಕು ಎಂದಾಗ ಅವನು ‘ಕಾಳಿ’ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಿಲ್ಪಿ ಕಾಳಿಯನ್ನು ಸುಮ್ಮನೆ ಮಲಗಿದ ಹಾಗೆ ಕೆತ್ತಬಹುದಿತ್ತು. ಹಾಗೆ ಮಾಡದೆ ಹಂದಿಯ ಕೂಡ ಕಾದಾಡುವ ಹಾಗೆ ಕೆತ್ತಿದ. ಇದೇ ಆಯ್ಕೆ. ಕ್ಯಾಮೆರಾ ಹಿಡಿದವರೂ ಇದನ್ನೇ ಮಾಡಬೇಕು.

ಇನ್ನೊಂದು ಉದಾಹರಣೆ ಹಳೆಯ ಎಚ್.ಎಂ.ವಿ. ಕ್ಯಾಸೆಟ್ಟಿನ ಮೇಲಿನ ನಾಯಿ. ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಚಿತ್ರಕಾರ ಫ್ರಾನ್ಸಿಸ್ ಬರಾಡ್ ಅದನ್ನು ಬರೆಯುವಾಗ ನಾಯಿ ಸತ್ತು ಕೆಲವು ವರ್ಷ ಆಗಿತ್ತು. ಆದರೂ ತಲೆ ತುಸು ವಾಲಿಸಿ ಧ್ವನಿ ಕೇಳುವ ಅದರ ಗುಣವನ್ನೇ ಅವನು ಹಿಡಿದ. ಆ ಒಂದು ವಾಲಿದ ತಲೆಯಿಂದ ಜಗತ್ತೆಲ್ಲ ಅದನ್ನು ಗುರುತಿಸಿತು.

ಆದ್ದರಿಂದ ಮೊದಲನೇ ಪಾಠ ಇದು: ಮೊಬೈಲ್ ತೆಗೆಯುವ ಮೊದಲು ‘ಈ ನಾಯಿ ಎಂಥಾದ್ದು?’ ಎಂದು ಕೇಳಿಕೊಳ್ಳಬೇಕು. ಕಾಯುವುದೋ, ಆಡುವುದೋ, ಅಂಜುವುದೋ, ಮುದಿ ಆಗಿದೆಯೋ? ಉತ್ತರ ಸಿಕ್ಕರೆ ಉಳಿದದ್ದು ಸುಲಭ.

1) ಎತ್ತರ: ನಾವು ನಿಂತು ಮೇಲಿಂದ ಫೋಟೋ ಹೊಡೆದರೆ ನಾಯಿಯ ತಲೆ ದೊಡ್ಡದು, ಕಾಲು ಗಿಡ್ಡ ಆಗಿ ಪಾಪದ ಹಾಗೆ ಕಾಣುತ್ತದೆ. ನೆಲಕ್ಕ ಕುಂತು ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯಬೇಕು. ಕಾವಲು ನಾಯಿ ಆದರೆ ಇನ್ನೂ ತುಸು ಕೆಳಗಿನಿಂದ ತೆಗೆದರೆ ಗತ್ತು ಬರುತ್ತದೆ. ಅರಿವೆ ಹೊಲಸಾಗತಾವ, ಆಗಲಿ.

2) ದೂರ: ಮೊಬೈಲನ್ನು ಮುಖದ ಹತ್ತಿರ ಒಯ್ದರೆ ಮೂಗು ಬದನೆಕಾಯಿಯಷ್ಟು ಕಾಣುತ್ತದೆ, ಕಿವಿ ಹಿಂದೆ ಸರಿಯುತ್ತವೆ. ನಗಿಸುವ ಚಿತ್ರ ಬೇಕಾದರೆ ಇದು ಸರಿ. ಇದ್ದ ಹಾಗೆ ಬೇಕಾದರೆ ಆರೇಳು ಅಡಿ ಹಿಂದೆ ಸರಿದು ಜೂಮ್ ಮಾಡಬೇಕು.

3) ಬೆಳಕು: ನಡು ಮಧ್ಯಾಹ್ನದ ಬಿಸಿಲು ಬೇಡ. ನಾಯಿಯನ್ನು ಹೊಸ್ತಿಲ ಒಳಗೆ ಕೂಡಿಸಿ, ಮುಖ ಹೊರಗೆ ಮಾಡಿಸಿದರೆ ಬಾಗಿಲಿನ ಬೆಳಕು ಕಣ್ಣಲ್ಲಿ ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿ ಇಲ್ಲದಿದ್ದರೆ ಕಣ್ಣು ಸತ್ತಂತೆ ಕಾಣುತ್ತದೆ. ರಾತ್ರಿ ಫ್ಲ್ಯಾಶ್ ಹಾಕಿದರೆ ಕಣ್ಣು ಹಸಿರಾಗಿ ಉರಿಯುತ್ತವೆ. ಯಾಕಂದರೆ ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರ ಇದೆ.

4) ಬಣ್ಣ: ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಕರಿ ನಾಯಿ ಚಿತ್ರದ ತುಂಬ ಇದ್ದರೆ ಅದು ಬೂದಿ ಬಣ್ಣ ಆಗುತ್ತದೆ. ಆಗ ಬೆಳಕು ಇಳಿಸಬೇಕು. ಅದೇ ಕರಿ ನಾಯಿ ಬಿಳಿ ಸುಣ್ಣದ ಗೋಡೆ ಮುಂದೆ ಸಣ್ಣದಾಗಿ ಇದ್ದರೆ ಮಸಿ ಚೆಲ್ಲಿದಂತೆ ಆಗುತ್ತದೆ. ಆಗ ನಾಯಿಯ ಮೇಲೆ ಬೆರಳು ಒತ್ತಿ ಬೆಳಕು ಏರಿಸಬೇಕು.

5) ಹಿನ್ನೆಲೆ: ಹಿಂದೆ ಬೈಕು, ಬಕೀಟು, ತಿಪ್ಪಿ ಇದ್ದರೆ ಕಣ್ಣು ಅತ್ತ ಹೋಗುತ್ತದೆ. ಆದರೆ ಎಲ್ಲಾ ತೆಗೆಯಲೂಬಾರದು. ಹೊಲದ ನಾಯಿಯ ಹಿಂದೆ ಎರಿ ಭೂಮಿ ಇರಲಿ, ಮನೆ ನಾಯಿಯ ಹಿಂದೆ ಕಟ್ಟಿ ಇರಲಿ.

6) ಸಮಯ: ಬಾಯಿಂದ ವಿಚಿತ್ರ ಸಪ್ಪಳ ಮಾಡಿದರೆ ನಾಯಿ ಕಿವಿ ನಿಮಿರಿಸಿ ನೋಡುತ್ತದೆ. ಆದರೆ ಎರಡು ಸಲ ಅಷ್ಟೇ. ಮೂರನೇ ಸಲ ಅದು ‘ಇವಂದು ಇದೇ ಆತು’ ಅಂತ ಮುಖ ತಿರುಗಿಸುತ್ತದೆ. ಮೊದಲೇ ತಯಾರಾಗಿ ಆಮೇಲೆ ಸಪ್ಪಳ ಮಾಡಬೇಕು.

ಈಗ ಕಠಿಣ ಆಯ್ಕೆಯ ಮಾತು. ನಮ್ಮ ಓಣಿಯ ಕುರಿ ಕಾಯುವ ಅಜ್ಜ ತನ್ನ ಮುದಿ ನಾಯಿಯ ಫೋಟೋ ತೆಗೆದುಕೊಡು ಎಂದು ನನಗೆ ಹೇಳಿದ. ಅದರ ಎಡಗಿವಿ ತೋಳನ ಕೂಡ ಜಗಳದಾಗ ಹರಿದಿದೆ. ನಾನು ಬಲಮಗ್ಗುಲಿಂದ ತೆಗೆಯಲು ಕುಂತೆ. ಅಜ್ಜ, ‘ಏ ತಮ್ಮಾ, ಆ ಕಡಿಯಿಂದ ತಗೀಬ್ಯಾಡ. ಹರದ ಕಿವಿ ಕಾಣಬೇಕು. ಅವತ್ತ ಅದು ಇರಲಿಲ್ಲಂದ್ರ ನನ್ನ ಕುರಿ ಇರತಿದ್ದಿಲ್ಲ’ ಅಂದ. ನಾವು ಚಂದ ಕಾಣಲಿ ಎಂದು ಏನನ್ನು ಮುಚ್ಚುತ್ತೇವೋ, ಸಾಕಿದವರಿಗೆ ಅದೇ ದೊಡ್ಡದಿರಬಹುದು. ಅದಕ್ಕೆ ಒಂದು ಮಾತು ಅವರನ್ನು ಕೇಳಬೇಕು. ಈ ಬೇಸಿಗೆ ಆ ನಾಯಿ ತೀರಿತು. ಈಗ ಅಜ್ಜನ ಗೋಡೆಯ ಮೇಲೆ ಎಡಮಗ್ಗುಲಿನ ಚಿತ್ರವೇ ಇದೆ.

ಮುಧೋಳ ನಾಯಿಗೂ ಇದೇ ನಿಯಮ. ಬಾಗಲಕೋಟೆ ಜಿಲ್ಲೆಯ ಈ ತಳಿ ಹುಟ್ಟಾ ತೆಳ್ಳಗೆ. ಉದ್ದ ಕಾಲು, ಆಳವಾದ ಎದೆ, ಒಳಗೆ ಹೋದ ಹೊಟ್ಟೆ, ಎಲ್ಲ ಓಟಕ್ಕಾಗಿ. ಮೇಲಿಂದ ತೆಗೆದರೆ ಉಪವಾಸ ಬಿದ್ದ ನಾಯಿಯ ಹಾಗೆ ಕಾಣುತ್ತದೆ. ಮಗ್ಗುಲಿಂದ ತೆಗೆದರೆ ಬಿಲ್ಲಿನ ಹಾಗೆ ಕಾಣುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಅದೇ ನಾಯಿ, ನೋಡುವ ಕೋನ ಬೇರೆ. ಒಂದರಲ್ಲಿ ಕನಿಕರ, ಇನ್ನೊಂದರಲ್ಲಿ ಗೌರವ.

ಎಚ್ಚರಿಕೆ: ಗುರುತಿಲ್ಲದ ನಾಯಿ, ಮರಿ ಹಾಕಿದ ನಾಯಿ, ಉಣ್ಣುವ ನಾಯಿಯ ಹತ್ತಿರ ಹೋಗಬಾರದು. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು. ಕಚ್ಚಿದರೆ ಅಥವಾ ಪರಚಿದರೆ ಕೂಡಲೇ ಸಬಕಾರ ಮತ್ತು ಹರಿಯುವ ನೀರಿನಿಂದ 15 ನಿಮಿಷ ಗಾಯ ತೊಳೆದು, ತಡ ಮಾಡದೆ ದವಾಖಾನಿಗೆ ಹೋಗಿ ಸೂಜಿ ಹಾಕಿಸಬೇಕು. ಅರಿಷಿಣ, ಸುಣ್ಣ ಹಚ್ಚಿ ಕುಂಡ್ರಬಾರದು.

ಗೆಳೆಯರೇ, ಮುಂದಿನ ಸಂಚಿಕೆಗೆ ನಿಮ್ಮ ಓಣಿಯ ಒಂದು ನಾಯಿಯ ಚಿತ್ರ ತನ್ನಿರಿ. ಕ್ಯಾಮೆರಾ ಇಲ್ಲದವರು ಪೆನ್ಸಿಲ್‌ನಿಂದ ಬರೆಯಿರಿ. ಕೆಳಗೆ ನಾಯಿಯ ಹೆಸರು ಮತ್ತು ಅದರ ಗುಣದ ಬಗ್ಗೆ ಒಂದೇ ವಾಕ್ಯ ಇರಲಿ. ವಾಕ್ಯ ಓದದೆಯೇ ಚಿತ್ರದಲ್ಲಿ ಆ ಗುಣ ತಿಳಿದರೆ ನೀವು ಗೆದ್ದಂತೆ.

– 9ನೇ ತರಗತಿಯ ವಿದ್ಯಾರ್ಥಿ, ಚಚಡಿ