ಕೂಲರ್ ಮುಂದಿನ ತಂಬೂರಿ

ಮರದ ವಾದ್ಯಕ್ಕೆ ಮಳೆಗಾಲವೇ ವೈರಿ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಕರಾವಳಿಯವರು, ಮಲೆನಾಡಿನವರು ಹಾಗೆಂದರೆ ಒಪ್ಪೋಣ. ಬಸವಕಲ್ಯಾಣದಲ್ಲಿ ತಂಬೂರಿ, ಹಾರ್ಮೋನಿಯಂ ಇಟ್ಟುಕೊಂಡು ವಚನ ಹಾಡುತ್ತ ಬಂದ ನಾನು ಒಪ್ಪಲಾರೆ. ನಮ್ಮ ಕಡೆ ವಾದ್ಯ ಕೆಡುವುದು ಹೋಳಿಹುಣ್ಣಿಮೆಯಿಂದ ಮಿರಗದ (ಮೃಗಶಿರಾ) ಮಳೆ ಬೀಳುವತನಕ.

ನನ್ನ ತಂಬೂರಿ ಮಿರಜಿನದು. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿತು. ಎಷ್ಟೇ ಹೆಸರಾದ ಊರಿನ ಕೆಲಸವಾದರೂ ಮರ ಮರವೇ. ಒಣಗಿದಾಗ ಅದು ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಕುಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ಕೆಳಗಿನ ಸೋರೆಬುರುಡೆಯೋ ಮರವೇ ಅಲ್ಲ, ಅದರ ಲೆಕ್ಕವೇ ಬೇರೆ. ಈ ಎರಡನ್ನೂ ಅಂಟಿಸಿದ ಕೊರಳಿನಲ್ಲೇ ಮೊದಲ ಬಿರುಕು ಬಿಡುವುದು.

ಬಿರುಕು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಗೊತ್ತಾಗುತ್ತದೆ. ಬುರುಡೆಯ ಮೇಲೆ ಮುಚ್ಚಿದ ಹಲಗೆ, ಅಂದರೆ ತಬಲಿ, ಒಣಗಿ ತುಸು ಕುಸಿಯುತ್ತದೆ, ಅದರ ಮೇಲೆ ತಂತಿ ಹೊತ್ತ ಕುದುರೆಯೂ ಇಳಿಯುತ್ತದೆ, ತಂತಿ ಕುದುರೆಗೆ ತಾಗುವ ಕೋನ ತಪ್ಪುತ್ತದೆ. ಜವಾರಿ ಹೋಯಿತು ಎನ್ನುವುದು ಇದಕ್ಕೇ. ತಂತಿಗೂ ಕುದುರೆಗೂ ನಡುವಿನ ಜೀವಾಳಿ ದಾರವನ್ನು ಎತ್ತ ಸರಿಸಿದರೂ ಸ್ವರ ಅರಳುವುದಿಲ್ಲ. ಬಿರಡೆ ಜಾರಿದರೆ ಸೀಮೆಸುಣ್ಣ ಹಚ್ಚಿ ಮುಗಿಸುತ್ತೇವೆ. ಆದರೆ ಆ ಜಾರುವಿಕೆ ಕೋಣೆಯ ಗಾಳಿ ಒಣಗಿದ್ದರ ಸುದ್ದಿ. ಹಾರ್ಮೋನಿಯಂ ಪರೀಕ್ಷೆ ಇನ್ನೂ ಸುಲಭ. ತಿದಿ ತುಂಬಿ, ಒಂದೂ ಮನೆ ಒತ್ತದೆ ಸುಮ್ಮನೆ ಕೂತು ನೋಡಿ. ತಿದಿ ತಾನಾಗಿ ಬೇಗ ಇಳಿದರೆ ಒಳಗೆ ಎಲ್ಲೋ ಹಲಗೆ ಸಂದು ಬಿಟ್ಟಿದೆ.

ಆದರೆ ಬಿಸಿಲಿಗಿಂತ ಕೆಟ್ಟದ್ದು ಕೂಲರ್. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಗಾಳಿಯ ತೇವ ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಕೂಲರ್ ಹಚ್ಚಿದರೆ ಅದೇ ಕೋಣೆ 60 ದಾಟುತ್ತದೆ. ಕರೆಂಟ್ ಹೋಯಿತೋ, ಮತ್ತೆ ಪಾತಾಳ. ಒಣಗಾಳಿಗೆ ನಿಧಾನವಾಗಿ ಒಗ್ಗಿಕೊಳ್ಳುವ ಮರ ಈ ಏರಿಳಿತ ತಡೆಯುವುದಿಲ್ಲ. ಹಾಡುವವರಿಗೆ ತಂಪು ಬೇಕು, ನಿಜ. ವಾದ್ಯವನ್ನು ಆ ಗಾಳಿಯ ಎದುರು ಮಾತ್ರ ಒರಗಿಸಬಾರದು.

ಅಳೆಯದೆ ಉಪಚಾರ ಮಾಡುವುದು ಕುರುಡು ವೈದ್ಯ. ತೇವ ತೋರಿಸುವ ಪುಟ್ಟ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತಿದೆಯೇ ಎಂದು ಅಡುಗೆಮನೆಯಲ್ಲೇ ತಿಳಿಯಬಹುದು: ಉಪ್ಪಿಗೆ ಕೆಸರಾಗುವಷ್ಟೇ ನೀರು ಹಾಕಿ, ಆ ಬಟ್ಟಲನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. ಹೆಚ್ಚುಕಡಿಮೆ ಎಷ್ಟು ಬಂತೋ ಅಷ್ಟನ್ನು ಮುಂದೆ ಕಳೆದು ಕೂಡಿಸಿ ಓದಿಕೊಂಡರಾಯಿತು. ವಾದ್ಯಕ್ಕೆ 45ರಿಂದ 55 ಹಿತ. ಬ್ಯಾಸಿಗೆಯಲ್ಲಿ 40 ಹಿಡಿದು ನಿಲ್ಲಿಸಿದರೂ ನನಗೆ ಸಮಾಧಾನ.

ನಿಲ್ಲಿಸುವ ದಾರಿ ದೊಡ್ಡದೇನಲ್ಲ. ತೂತು ಕೊರೆದ ಸಾಬೂನು ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟು ಪೆಟ್ಟಿಗೆಯೊಳಗೆ ವಾದ್ಯದ ಬದಿಗೆ ಇಡುತ್ತೇನೆ. ಸ್ಪಂಜು ಮರಕ್ಕಾಗಲಿ ಬುರುಡೆಗಾಗಲಿ ತಾಗಬಾರದು, ನೀರು ತೊಟ್ಟಿಕ್ಕಬಾರದು. ಹಸಿ ಬಟ್ಟೆಯಿಂದ ಬುರುಡೆ ಒರೆಸುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಕೋಣೆಯ ಮೂಲೆಯಲ್ಲಿ ನೀರು ತುಂಬಿದ ಮಣ್ಣಿನ ಕೊಡ ಇದ್ದರೆ ಅದೂ ಮೆಲ್ಲಗೆ ಉಸಿರಾಡುತ್ತದೆ. ಬಿಸಿಲು ಬೀಳುವ ಗೋಡೆಗೆ ವಾದ್ಯ ಒರಗಿಸದಿರುವುದು ಇದೆಲ್ಲಕ್ಕಿಂತ ಮುಖ್ಯ. ದಪ್ಪ ಕಲ್ಲುಗೋಡೆಯ ಹಳೆಯ ಮಾಳಿಗೆ ಮನೆಗಳ ಒಳಗಿನ ಗಾಳಿ ಹಗಲು ರಾತ್ರಿ ಹೆಚ್ಚು ಬದಲಾಗುತ್ತಿರಲಿಲ್ಲ. ಈಗಿನ ಆರ್‌ಸಿಸಿ ಸ್ಲ್ಯಾಬು, ತಗಡಿನ ಶೆಡ್ಡುಗಳ ಕೆಳಗೆ ಆ ಕೆಲಸವನ್ನು ಪೆಟ್ಟಿಗೆಯೇ ಮಾಡಬೇಕು.

ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಸಾಕು.

ಚಳಿಗಾಲಕ್ಕೂ ಒಂದು ಎಚ್ಚರಿಕೆ ಇದೆ. ನಮ್ಮ ತಾಲ್ಲೂಕಿನ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು (1817–1865) ಹುಮನಾಬಾದಿನ ಬಳಿ ನೆಲೆ ನಿಂತ ಜಾಗ ಮಾಣಿಕನಗರ. ದತ್ತ ಜಯಂತಿಗೆ ಅಲ್ಲಿ ಸಂಗೀತ ದರ್ಬಾರು ನಡೆಯುತ್ತದೆ. ಮಾರ್ಗಶಿರದ ಆ ಚಳಿಯಲ್ಲಿ ಹೊರಗಿನಿಂದ ತಂದ ವಾದ್ಯವನ್ನು ಜನ ತುಂಬಿದ ಸಭೆಗೆ ಒಯ್ದ ಕೂಡಲೇ ಬಿಚ್ಚಬಾರದು. ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಅಲ್ಲಿನ ಗಾಳಿಗೆ ಹೊಂದಿಕೊಳ್ಳಲಿ. ಚಳಿಗೆ ಬಿಗಿದ ಉಕ್ಕಿನ ತಂತಿ ಬೆಚ್ಚಗಾಗುತ್ತ ಸಡಿಲಗೊಳ್ಳುತ್ತದೆ. ಅವಸರದಲ್ಲಿ ಸೇರಿಸಿದ ಷಡ್ಜ ಎರಡನೇ ಹಾಡಿಗೇ ಇಳಿದಿರುತ್ತದೆ.

ಮಠ, ಗುಡಿ, ಭಜನಾ ಮಂಡಳಿಗಳವರಲ್ಲಿ ನನ್ನದೊಂದು ಕೋರಿಕೆ. ಭಕ್ತರು ಕೊಟ್ಟ ತಂಬೂರಿ, ಹಾರ್ಮೋನಿಯಂಗಳನ್ನು ವೇದಿಕೆಯ ಹಿಂದಿನ ತಗಡಿನ ಕೋಣೆಯಿಂದ ಕಲ್ಲುಗೋಡೆಯ ಒಳಕೋಣೆಗೆ ಸಾಗಿಸಿ, ಪಕ್ಕದಲ್ಲಿ ಒಂದು ಮೀಟರ್ ಇಡಿ. ಹೋಳಿ ಹುಣ್ಣಿಮೆಗೆ ಮುಂಚೆಯೇ ಮಾಡಿ.