ಜಾಲಿಯ ಜಗಲಿಗೆ ಜೆರೇನಿಯಂ

ಪ್ರೀತಿಯ ಮಗಳೇ,

ಭಟ್ಕಳದ ಪಕ್ಕದ ಜಾಲಿಯ ಹೊಸ ಮನೆಯ ಕಿಟಕಿಗೆ ಜೆರೇನಿಯಂ ಇಡಬೇಕು ಅಂದಿದ್ದೀಯ, ನಮ್ಮ ಸೆಖೆಗೆ ಅದು ತಡೆದೀತೇ ಎಂದು ಕೇಳಿದ್ದೀಯ. ತಡೆಯುತ್ತದೆ. ಆದರೆ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು. ಊಟಿಯಲ್ಲೋ ಬೆಂಗಳೂರಿನ ಲಾಲ್‌ಬಾಗ್‌ನಲ್ಲೋ ಈ ಹೂ ಕಂಡು ಆಸೆಪಟ್ಟು ತಂದವರು ಹೊನ್ನಾವರದಲ್ಲೂ ಕುಮಟೆಯಲ್ಲೂ ಬೇಕಾದಷ್ಟಿದ್ದಾರೆ. ಅವರೂ ಓದಲಿ ಎಂದು ಈ ಪತ್ರವನ್ನು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವುದು ಸೆಖೆಯ ಬಗ್ಗೆ, ಕೇಳಬೇಕಾದ್ದು ಮಳೆಯ ಬಗ್ಗೆ. ಮೇ ತಿಂಗಳಲ್ಲಿ ಜೆರೇನಿಯಂ ಮುದುಡಿ ಕೂರುತ್ತದೆ, ಹೂ ಬಿಡುವುದನ್ನು ನಿಲ್ಲಿಸುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ಜೀವ ಮಾತ್ರ ಇರುತ್ತದೆ. ಜುಲೈಯಲ್ಲಿ ಸಾಯುತ್ತದೆ. ಬುಡ ಕಪ್ಪಾಗಿ, ಮೆತ್ತಗಾಗಿ, ಮುಟ್ಟಿದರೆ ಕೈಗೇ ಬರುತ್ತದೆ. ಆಗ ಮನೆಯವರೆಲ್ಲ “ನಮ್ಮ ಸೆಖೆಗೆ ಆಗುವ ಗಿಡವಲ್ಲ ಅದು” ಎಂದು ತೀರ್ಪು ಕೊಟ್ಟುಬಿಡುತ್ತಾರೆ!

ಅದರ ತವರನ್ನು ನೋಡು. ನಾವು ಜೆರೇನಿಯಂ ಎನ್ನುವ ಈ ಗಿಡಗಳು ಸಸ್ಯಶಾಸ್ತ್ರದಲ್ಲಿ ಪೆಲಾರ್ಗೋನಿಯಂ ಕುಲದವು, ಹೆಚ್ಚಿನವು ದಕ್ಷಿಣ ಆಫ್ರಿಕಾದವು. ಕೇಪ್ ಟೌನ್ ಕಡೆ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಭಟ್ಕಳ ಪಕ್ಕದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಹೋದರಲ್ಲ, 2022ರ ಆಗಸ್ಟ್ ಆರಂಭದ ಆ ದಿನ, ಭಟ್ಕಳದಲ್ಲಿ 24 ಗಂಟೆಯೊಳಗೆ ಬಿದ್ದ ಮಳೆಯೂ 500 ಮಿಲಿಮೀಟರ್ ದಾಟಿತ್ತು. ಅಲ್ಲಿ ಒಂದು ವರ್ಷಕ್ಕೆ ಸಾಕಾಗುವ ನೀರು ಇಲ್ಲಿ ಒಂದು ಹಗಲು, ಒಂದು ರಾತ್ರಿಯಲ್ಲಿ ಬಂದುಬಿಟ್ಟಿತು. ಕಲ್ಲು ಮರಳಿನ ಗುಡ್ಡಗಳಲ್ಲಿ ಬೆಳೆದು, ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳಲು ಕಲಿತ ಗಿಡಕ್ಕೆ ನಮ್ಮ ಆಷಾಢ ಹೇಗಿದ್ದೀತು, ನೀನೇ ಯೋಚಿಸು.

ಸಮುದ್ರದ ಪಕ್ಕದ ಬಿಸಿ ಊರುಗಳು ಇದನ್ನು ಹೇಗೆ ಬೆಳೆಸುತ್ತವೆ ಎನ್ನುವುದೂ ನೋಡುವಂಥದ್ದೇ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಸುಗಂಧ ಜೆರೇನಿಯಂ ಎಣ್ಣೆಗೆ ಹೆಸರುವಾಸಿ. ಸುತ್ತ ಸಮುದ್ರವೇ ಇದ್ದರೂ ಅಲ್ಲಿನ ರೈತರು ಅದನ್ನು ದಂಡೆಯಲ್ಲಿ ನೆಡಲಿಲ್ಲ, ಸಾವಿರ ಮೀಟರ್ ಆಸುಪಾಸಿನ ಎತ್ತರದ ಗುಡ್ಡಗಳಿಗೆ ಒಯ್ದರು. ನಮ್ಮ ದೇಶದಲ್ಲೂ ಅದು ಬೇರೂರಿದ್ದು ಏರ್ಕಾಡು, ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳಲ್ಲೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಪುಷ್ಯದ ರಾತ್ರಿಗಳಲ್ಲಿ ಮೈ ನಡುಗುತ್ತದೆ. ಅಲ್ಲಿ ಆಗಿದ್ದೆಲ್ಲ ಜಾಲಿಯಲ್ಲಿ ಆಗುವುದಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಯಾವ ತಿಂಗಳಲ್ಲಿ ಎಷ್ಟು ಆಸೆ ಇಟ್ಟುಕೊಳ್ಳಬೇಕು ಎಂದು ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ನಮ್ಮ ದಂಡೆಯಲ್ಲಿ ಜೆರೇನಿಯಂ ಹೂವಿನ ಕಾಲ ದೀಪಾವಳಿ ಕಳೆದ ಮೇಲಿನಿಂದ ಹೋಳಿಯವರೆಗೆ. ಉಳಿದ ತಿಂಗಳುಗಳಲ್ಲಿ ಗಿಡ ಉಳಿದರೆ ಅದೇ ದೊಡ್ಡದು.

ಈಗ ಜಾತಿಯ ವಿಚಾರ. ನರ್ಸರಿಗೆ ಹೋದರೆ ಅತಿ ಚೆಂದದ್ದೊಂದು ಕಣ್ಣಿಗೆ ಬೀಳುತ್ತದೆ: ದೊಡ್ಡ ಎಸಳು, ನಡುವೆ ಕಡುಬಣ್ಣದ ಮಚ್ಚೆ. ಅದು ರೀಗಲ್. ಮೊಗ್ಗು ಕಟ್ಟಲು ಅದಕ್ಕೆ ವಾರಗಟ್ಟಲೆ ತಂಪು ರಾತ್ರಿ ಬೇಕು, 15 ಡಿಗ್ರಿಯ ಆಸುಪಾಸು. ಜಾಲಿಯಲ್ಲಿ ಆ ಚಳಿ ಎಲ್ಲಿಂದ ತರುತ್ತೀ? ಇದ್ದ ಹೂ ಉದುರಿದ ಮೇಲೆ ಮತ್ತೆ ಬಿಡುವುದಿಲ್ಲ. ಬಿಟ್ಟುಬಿಡು. ಎಲೆಯ ಮೇಲೆ ಕುದುರೆ ಲಾಳದಂಥ ಗೆರೆ ಇರುವ ಜೋನಲ್ ತಗೋ. ಅದಕ್ಕೆ ಹಗಲು ಉದ್ದವೋ ಗಿಡ್ಡವೋ ಎಂಬ ಲೆಕ್ಕವಿಲ್ಲ, ಬೆಳಕು ಸಾಕಷ್ಟಿದ್ದು ಸೆಖೆ ಮಿತಿಮೀರದಿದ್ದರೆ ಹೂ ಕೊಡುತ್ತದೆ. ದಪ್ಪ ನುಣುಪು ಎಲೆಯ, ಜೋತು ಬೀಳುವ ಐವಿ ಜಾತಿ ಇನ್ನೊಂದು. ಇವೆರಡನ್ನೂ ಕೂಡಿಸಿ ಮಾಡಿದ ಹೈಬ್ರಿಡ್‌ಗಳು ಕ್ಯಾಲಿಯೋಪ್, ಕ್ಯಾಲಿಯೆಂಟೆ ಎಂಬ ಹೆಸರಿನಲ್ಲಿ ಬಂದಿವೆ. ಬಿಸಿಲನ್ನು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತವೆ. ಸಿಕ್ಕಿದರೆ ದುಡ್ಡು ಸ್ವಲ್ಪ ಹೆಚ್ಚಾದರೂ ತಗೋ.

ಮೊದಲ ವರ್ಷಕ್ಕೆ ನನ್ನನ್ನು ಕೇಳಿದರೆ ಗುಲಾಬಿ ವಾಸನೆಯ ಎಲೆಯ ಜೆರೇನಿಯಂ ಒಂದಿರಲಿ ಎನ್ನುತ್ತೇನೆ. ಹೂ ಸಣ್ಣದು, ನೋಡುವಂಥದ್ದೇನಲ್ಲ. ಆದರೆ ಎಲೆ ಮುಟ್ಟಿದರೆ ಸಾಕು, ಕೈಯೆಲ್ಲ ಘಮ್ಮೆನ್ನುತ್ತದೆ. ಭಟ್ಕಳ ಮಲ್ಲಿಗೆಯ ಊರಿನವಳಿಗೆ ವಾಸನೆಯಿಲ್ಲದ ಹೂವೊಂದನ್ನೇ ನೆಚ್ಚಿಕೊಂಡು ಕೂರು ಎಂದು ಹೇಳಲು ನನಗೂ ಸಂಕೋಚ. ಇದರ ಜೊತೆ ನರ್ಸರಿಯವರು “ಸೊಳ್ಳೆ ಓಡಿಸುವ ಗಿಡ” ಎಂದು ಇನ್ನೊಂದನ್ನು ಕಟ್ಟಲು ನೋಡುತ್ತಾರೆ. ನಿಂಬೆ ವಾಸನೆಯ ಆ ಜೆರೇನಿಯಂ ಸುಮ್ಮನೆ ಪಕ್ಕದಲ್ಲಿದ್ದ ಮಾತ್ರಕ್ಕೆ ಸೊಳ್ಳೆ ಹೋಗುವುದಿಲ್ಲ ಎಂದು ಕೆನಡಾದಲ್ಲಿ ಪರೀಕ್ಷೆ ಮಾಡಿ ತೋರಿಸಿ ಮೂವತ್ತು ವರ್ಷವಾಗುತ್ತ ಬಂತು. ಸೊಳ್ಳೆಪರದೆ ಕಟ್ಟಿಕೋ.

ಮನೆಯೊಳಗೆ ಎಲ್ಲಿ ಇಡಬೇಕು? ನಮ್ಮ ಕಡೆಯ ಮನೆಗಳ ಮಾಡು ಇಳಿಜಾರು, ಮಳೆಗಾಗಿ ಮುಂದೆ ಚಾಚಿಕೊಂಡಿರುತ್ತದೆ. ಒಳಗೆ ಹಗಲೂ ಮಬ್ಬು. ನಡುಮನೆಯ ಟೀಪಾಯಿಯ ಮೇಲೆ ಜೆರೇನಿಯಂ ಬದುಕುವುದಿಲ್ಲ, ಬೆಳಕಿಗೆ ಕತ್ತು ಚಾಚಿ ಚಾಚಿ ಬಳ್ಳಿಯ ಹಾಗೆ ಸೊರಗುತ್ತದೆ. ಅದಕ್ಕೆ ನಾಲ್ಕೈದು ಗಂಟೆಯಾದರೂ ಒಳ್ಳೆ ಬೆಳಕು ಬೇಕು. ಹಾಗಾಗಿ ನಮ್ಮಲ್ಲಿ ಮನೆಯೊಳಗೆ ಅಂದರೆ ಜಗಲಿ, ಇಲ್ಲವೇ ಗ್ರಿಲ್ ಹಾಕಿದ ಸಿಟೌಟ್. ನವೆಂಬರ್‌ನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಜಗಲಿಗೆ ಮಾಡಿನ ಕೆಳಗೂ ಬಿಸಿಲು ನುಗ್ಗುತ್ತದೆ, ಆಗ ಅಲ್ಲಿಡು. ಭಟ್ಕಳ ಇರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ ನಡುವಿನವರೆಗೂ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗೇ ಇರುತ್ತಾನೆ. ಮಾರ್ಚ್ ಬಂತೆಂದರೆ ಕುಂಡವನ್ನು ಪೂರ್ವದ ಕಿಟಕಿಗೆ ಒಯ್ದುಬಿಡು. ಹತ್ತು ಗಂಟೆಯವರೆಗಿನ ಎಳೆಬಿಸಿಲು ಸಾಕು. ಪಶ್ಚಿಮದ ಕಿಟಕಿ ಸಮುದ್ರ ನೋಡಲು ಚೆಂದ, ಈ ಗಿಡಕ್ಕೆ ಅಲ್ಲ: ಸಂಜೆಯ ಸುಡುಬಿಸಿಲು ಒಂದು, ಉಪ್ಪುಗಾಳಿ ಇನ್ನೊಂದು.

ಏಸಿ ಕೋಣೆಯಲ್ಲಿಡಬಹುದೇ ಎಂದು ಗಲ್ಫ್‌ನಿಂದ ಬಂದವರ ಮನೆಗಳಲ್ಲಿ ಕೇಳುತ್ತಾರೆ. ಕಿಟಕಿಯಲ್ಲಿ ಬೆಳಗಿನ ಬಿಸಿಲಿದ್ದರೆ, ಏಸಿಯ ಗಾಳಿ ನೇರ ಎಲೆಗೆ ಬಡಿಯದಿದ್ದರೆ ಬೇಸಿಗೆ ರಾತ್ರಿಗಳಲ್ಲಿ ಅದರಿಂದ ಉಪಕಾರವೇ. ಹಗಲು ಹೊರಗೆ, ರಾತ್ರಿ ಒಳಗೆ ಎಂದು ದಿನಾ ಎತ್ತಿಡುವ ಶ್ರಮ ಮಾತ್ರ ಬೇಡ.

ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲೇ ಹೆಚ್ಚಿನವರು ತಪ್ಪುವುದು. ನಮ್ಮ ಗುಡ್ಡೆಯ ಮಣ್ಣು ಚಿರೆಕಲ್ಲಿನ ಮಣ್ಣು. ಮಳೆ ಅದರ ಸುಣ್ಣದ ಅಂಶವನ್ನೆಲ್ಲ ತೊಳೆದು, ಕಬ್ಬಿಣವನ್ನು ಉಳಿಸಿ ಹುಳಿ ಮಾಡಿಟ್ಟಿದೆ. ಜೋನಲ್ ಜೆರೇನಿಯಂಗೆ ಬೇಕಾದ್ದು ರಸಸಾರ ಆರಕ್ಕೆ ಮೇಲಿನ ಮಣ್ಣು. ಹುಳಿ ಹೆಚ್ಚಾದರೆ ಅದು ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಮಿತಿಮೀರಿ ಹೀರಿಕೊಂಡು ಹಳೆಯ ಎಲೆಗಳ ಅಂಚಿನಲ್ಲಿ ಕಂದು ಚುಕ್ಕೆ ಎಬ್ಬಿಸಿಕೊಳ್ಳುತ್ತದೆ. ನೋಡಿದವರು ರೋಗ ಎಂದು ಔಷಧಿ ಹೊಡೆಯುತ್ತಾರೆ. ಔಷಧಿ ಅಂಗಡಿಯಲ್ಲಿಲ್ಲ, ಅಘನಾಶಿನಿಯ ದಂಡೆಯಲ್ಲಿದೆ: ಬೆಳಚಿನ ಚಿಪ್ಪು. ಚಿಪ್ಪನ್ನು ತೊಳೆದು ಉಪ್ಪು ಕಳೆದು, ಕುಟ್ಟಿ ಪುಡಿ ಮಾಡಿ, ಕುಂಡಕ್ಕೆ ಒಂದು ಚಮಚದಂತೆ ಮಣ್ಣಿಗೆ ಬೆರೆಸಿ, ಗಿಡ ನೆಡುವುದಕ್ಕೆ ಎರಡು ವಾರ ಮೊದಲೇ ಹದ ಮಾಡಿಡು. ಮೊಟ್ಟೆ ಚಿಪ್ಪೂ ಆದೀತು, ನಿಧಾನ ಅಷ್ಟೆ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಹಾಕಬೇಡ, ಬೇರು ಸುಡುತ್ತದೆ.

ಉಳಿದದ್ದು ಸುಲಭ. ಕೆಂಪು ಮಣ್ಣು ಒಂದು ಪಾಲು, ಹೊಳೆ ಮರಳು ಒಂದು ಪಾಲು, ಹಳೆಯ ಕಾಂಪೋಸ್ಟ್ ಒಂದು ಪಾಲು, ಸಿಕ್ಕಿದರೆ ಒಂದೆರಡು ಹಿಡಿ ಸುಟ್ಟ ಉಮಿ. ಮನೆ ಮುಂದೆಯೇ ಬಿದ್ದಿದೆ ಎಂದು ಸಮುದ್ರದ ಮರಳು ಬಾಚಿ ತರಬೇಡ. ತೆಂಗಿನ ನಾರಿನ ಹುಡಿಯನ್ನೂ ಹೆಚ್ಚು ಹಾಕಬೇಡ, ಮಳೆಗಾಲದಲ್ಲಿ ಅದು ನೀರು ಬಿಡುವುದೇ ಇಲ್ಲ. ನರ್ಸರಿಯಿಂದ ಬಂದ ಗಿಡ ಅದರಲ್ಲೇ ನೆಟ್ಟದ್ದಿರುತ್ತದೆ. ತಂದ ವಾರದಲ್ಲಿ ಬೇರಿನ ಸುತ್ತಿನ ಆ ಹುಡಿಯನ್ನು ಆದಷ್ಟು ಉದುರಿಸಿ ಬೇರೆ ಮಣ್ಣಿಗೆ ಹಾಕು. ಕುಂಡ ಸುಟ್ಟ ಮಣ್ಣಿನದಿರಲಿ, ಆರೆಂಟು ಇಂಚು ಅಗಲ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ತೇವ ಹಿಡಿದು ಕೊಳೆಸುತ್ತದೆ. ಬದನೆ, ಟೊಮೆಟೊ ಹಸಿರಿದ್ದ ಹಾಗೆಯೇ ಸೊರಗಿ ಸತ್ತ ಜಾಗದ ಮಣ್ಣನ್ನು ಮಾತ್ರ ಯಾವ ಕಾರಣಕ್ಕೂ ತರಬೇಡ. ಆ ಸೊರಗು ರೋಗದ ಬ್ಯಾಕ್ಟೀರಿಯಾ ಜೆರೇನಿಯಂಗೂ ಹತ್ತುತ್ತದೆ. 2020ರಲ್ಲಿ ಗ್ವಾಟೆಮಾಲಾದಿಂದ ಅಮೆರಿಕಕ್ಕೆ ಹೋದ ಜೆರೇನಿಯಂ ಸಸಿಗಳಲ್ಲಿ ಅದರ ಒಂದು ಬಗೆ ಕಂಡು, ಅಲ್ಲಿನ ಸರ್ಕಾರ ಎಷ್ಟೋ ನರ್ಸರಿಗಳಲ್ಲಿ ಗಿಡಗಳನ್ನು ನಾಶ ಮಾಡಿಸಿತ್ತು.

ನೀರಿಗೆ ವೇಳಾಪಟ್ಟಿ ಇಲ್ಲ. ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗೆ ಇಳಿಸು. ತೇವ ತಾಗಿದರೆ ಹಾಕಬೇಡ. ಹಾಕುವಾಗ ಬೆಳಿಗ್ಗೆ, ಬುಡಕ್ಕೆ, ಧಾರಾಳವಾಗಿ ಹಾಕು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು. ದಂಡೆಯ ಬಾವಿಗಳ ನೀರು ಏಪ್ರಿಲ್, ಮೇಯಲ್ಲಿ ಉಪ್ಪಾಗುವುದುಂಟು. ಬಾಯಿಗೆ ಸೇರದ ನೀರು ಇದಕ್ಕೂ ಬೇಡ. ಗೊಬ್ಬರವನ್ನು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮಾತ್ರ, ಅದೂ ಚೀಟಿಯಲ್ಲಿ ಬರೆದಿರುವುದರ ಅರ್ಧ ಹಾಕು.

ಇನ್ನು ಮಳೆಗಾಲ. ಘಟ್ಟದ ಮೇಲೆ, ಸಿರ್ಸಿ ಸಿದ್ದಾಪುರ ಸಾಗರದ ಕಡೆ, ಮಳೆ ಹಿಡಿಯುತ್ತಿದ್ದಂತೆ ಹೆಂಗಸರು ಡೇರೆಯ, ಅಂದರೆ ಡೇಲಿಯಾದ, ಗೆಡ್ಡೆ ನೆಟ್ಟು ಅಂಗಳ ತುಂಬಾ ಹೂ ಅರಳಿಸುತ್ತಾರೆ. ಅದನ್ನು ನೋಡಿ ಬಂದು ಜೆರೇನಿಯಂನ್ನೂ ಅಂಗಳಕ್ಕಿಟ್ಟರೆ ಕೆಟ್ಟೆ. ಮೇ ನಡುವಿನಲ್ಲಿ, ಒಣ ಹವೆ ಇರುವಾಗಲೇ, ಗಿಡದ ಮೂರನೇ ಒಂದು ಭಾಗ ಕತ್ತರಿಸು. ಗಾಯ ಒಣಗಲು ಸಮಯ ಸಿಗಬೇಕು, ಜೂನ್‌ನಲ್ಲಿ ಕತ್ತರಿಸಿದರೆ ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಮೊದಲ ಮಳೆಗೆ ಮುಂಚೆ ಇರಚಲು ತಾಗದ, ಬೆಳಕಿರುವ, ಗಾಳಿಯಾಡುವ ಜಾಗಕ್ಕೆ ಏರಿಸು. ಕುಂಡಗಳ ನಡುವೆ ಗೇಣು ಅಂತರವಿರಲಿ, ನೆಲಕ್ಕೆ ತಾಗದೆ ಎರಡು ಇಟ್ಟಿಗೆ ಮೇಲೆ ಕೂರಲಿ. ಹಳದಿಯಾದ ಎಲೆ ಅಂದಂದೇ ತೆಗೆ. ನೀರು ವಾರಕ್ಕೊಮ್ಮೆಯೂ ಬೇಡವಾದೀತು. ಐವಿ ಜಾತಿಯ ಎಲೆಯಡಿ ನೀರುಗುಳ್ಳೆ ಎದ್ದು ಉಪ್ಪುಕಾಗದದಂತೆ ಒರಟಾದರೆ ಹೆದರಬೇಡ, ಬೇರಿಗೆ ನೀರು ಹೆಚ್ಚಾಗಿ ಗಾಳಿಯಲ್ಲೂ ತೇವ ತುಂಬಿದಾಗ ಹಾಗಾಗುತ್ತದೆ, ನೀರು ನಿಲ್ಲಿಸು. ಆಗಸ್ಟ್‌ನಲ್ಲಿ ಒಂದು ಫ್ಯಾನ್ ದಿನಕ್ಕೆ ಒಂದೆರಡು ತಾಸು ತಿರುಗಿದರೆ ಅದು ಮಾಡುವ ಉಪಕಾರ ಯಾವ ಶಿಲೀಂಧ್ರನಾಶಕವೂ ಮಾಡದು. ಹಿಟ್ಟು ತಿಗಣೆ ಬಂದರೆ ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸು, ಬಿಸಿಲು ಬಂದ ದಿನ.

ಮಳೆಯ ಈ ಗೋಳು ನಮ್ಮೊಬ್ಬರದ್ದಲ್ಲ. ಲಖನೌದ ಸಿಮ್ಯಾಪ್, ಅಂದರೆ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ, ಬಯಲುಸೀಮೆಯ ರೈತರಿಗೆ ಸುಗಂಧ ಜೆರೇನಿಯಂ ಬೆಳೆಯಲು ಕಲಿಸಲು ಹೋದಾಗ ಎಡವಿದ್ದು ಇದೇ ಕಲ್ಲಿಗೆ: ಮಳೆಗಾಲದಲ್ಲಿ ತಾಯಿಗಿಡ ಸಾಯುವುದು. ಅವರು ಕಂಡುಕೊಂಡ ಉಪಾಯ ಅಗ್ಗದ ಪಾಲಿಥೀನ್ ಚಪ್ಪರ, ಅಷ್ಟೇ. ತಾಯಿಗಿಡಗಳನ್ನು ಅದರಡಿ ನೆನೆಯದಂತೆ ಉಳಿಸಿಕೊಂಡು, ಮಳೆ ಕಳೆದ ಮೇಲೆ ಅವುಗಳಿಂದ ಸಸಿ ಮಾಡುತ್ತಾರೆ. ಮೂವತ್ತೈದು ರೂಪಾಯಿ ಬೀಳುತ್ತಿದ್ದ ಸಸಿ ಸುಮಾರು 2 ರೂಪಾಯಿಗೆ ಇಳಿಯಿತು. ನಿನ್ನ ಜಗಲಿಯ ಮಾಡು ಆ ಚಪ್ಪರದ ಕೆಲಸವನ್ನೇ ಮಾಡುತ್ತದೆ.

ಅಕ್ಟೋಬರ್‌ನಲ್ಲಿ ಮಳೆ ಹೊರಟ ಮೇಲೆ, ಉಳಿದ ಗಿಡದಿಂದ ನಾಲ್ಕಿಂಚಿನ ಹೆರೆಗಳನ್ನು ಗೆಣ್ಣಿನ ಕೆಳಗೆ ಕೊಯ್ದುಕೋ. ಕೆಳಗಿನ ಎಲೆ, ಮೊಗ್ಗು ತೆಗೆದು ನೆರಳಿನಲ್ಲಿ ಅರ್ಧ ದಿನ ಬಿಡು, ಕೊಯ್ದ ಬಾಯಿ ಒಣಗಲಿ. ತೊಳೆದ ಹೊಳೆ ಮರಳಿಗೆ ಚುಚ್ಚಿ ಒಮ್ಮೆ ನೀರು ಹಾಕು. ದಾಸವಾಳದ ಕಡ್ಡಿಗೆ ಮಾಡುವ ಹಾಗೆ ಪ್ಲಾಸ್ಟಿಕ್ ಮುಚ್ಚಬೇಡ, ಕೊಳೆಯುತ್ತದೆ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ, ಜನವರಿಗೆ ಹೂ. ಮುದಿ ಗಿಡವನ್ನೇ ವರ್ಷಗಟ್ಟಲೆ ಜೋಪಾನ ಮಾಡುವ ಹಟ ನಮ್ಮ ದಂಡೆಗೆ ಸಲ್ಲದು. ಪ್ರತಿವರ್ಷ ಹೊಸ ಹೆರೆ ನೆಡುವುದೇ ಇಲ್ಲಿನ ದಾರಿ. ಬೇರು ಬಿಟ್ಟದ್ದರಲ್ಲಿ ಎರಡನ್ನು ನೆರೆಮನೆಗೆ ಕೊಡು. ಮುಂದಿನ ಮಳೆಗೆ ನಿನ್ನದು ಹೋದರೂ ಅವರಲ್ಲಿ ಒಂದು ಉಳಿದಿರುತ್ತದೆ, ಘಟ್ಟದವರ ಡೇರೆ ಗೆಡ್ಡೆ ಕೈಯಿಂದ ಕೈಗೆ ಸಾಗುವುದೂ ಹೀಗೆಯೇ. ಮನೆಯಲ್ಲಿ ಬೆಕ್ಕಿದ್ದರೆ ಕುಂಡ ಎತ್ತರದಲ್ಲಿರಲಿ, ಎಲೆ ತಿಂದರೆ ಅದರ ಹೊಟ್ಟೆ ಕೆಡುತ್ತದೆ.

ಮೇ ತಿಂಗಳ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕಂಡ ಹೂಬಿಟ್ಟ ಗಿಡವನ್ನು ಬಸ್ಸಿನಲ್ಲಿ ಹೊತ್ತು ತರಬೇಡ, ಬಂದ ತಿಂಗಳೊಳಗೆ ಮಳೆಗಾಲ ಎದುರಾಗುತ್ತದೆ. ದೀಪಾವಳಿ ಕಳೆಯಲಿ. ಆಮೇಲೆ ಒಂದು ಜೋನಲ್, ಒಂದು ವಾಸನೆ ಎಲೆಯದು, ಎರಡೇ ಗಿಡ ತಂದು ಶುರು ಮಾಡು.

ಇಂತಿ,
ಕುಮಟೆಯ ನಿನ್ನ ದೊಡ್ಡಮ್ಮ